ಅಟ್ಟಕ್ಕೆ ಗೋಡೆ ಇರಲಿಲ್ಲ

ಶಿಕಾರಿಪುರದ ಪೇಟೆಯಲ್ಲಿ ನಮ್ಮ ಸಾಲಿಗೆ ಬಾಗಿಲು ಏಳು, ಸೂರು ಮಾತ್ರ ಒಂದೇ. ತೊಗರ್ಸಿ ಕಡೆಯಿಂದ ಬೆಲ್ಲದ ವ್ಯಾಪಾರಕ್ಕೆ ಬಂದ ನಮ್ಮ ಹಿರಿಯರೊಬ್ಬರು ಕಟ್ಟಿಸಿದ ಒಂದೇ ಉದ್ದನೆಯ ಮನೆ ಅದು. ಮಕ್ಕಳು ಮೊಮ್ಮಕ್ಕಳು ಬೇರೆಯಾದಾಗಲೆಲ್ಲ ನಡುವೆ ಒಂದೊಂದು ಗೋಡೆ ಎದ್ದಿತು. ಯಾವ ಗೋಡೆ ಮೊದಲಿನದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಹಳೆಯದರ ಗೂಡಿನಲ್ಲಿ ನಾನು ಕಾಲು ಮಡಚಿ ಕೂರಬಹುದಿತ್ತು, ಅಷ್ಟು ದಪ್ಪ. ಆಮೇಲಿನವು ತೆಳ್ಳಗಾಗುತ್ತ ಬಂದು, ಅಪ್ಪನಿಗೂ ಚಿಕ್ಕಪ್ಪನಿಗೂ ನಡುವೆ ಇದ್ದದ್ದು ಬರೀ ಬಿದಿರು ತಟ್ಟಿಗೆ ಮಣ್ಣು ಮೆತ್ತಿದ್ದು. ಚಿಕ್ಕಪ್ಪ ಆ ಕಡೆ ಕೆಮ್ಮಿದರೆ ಅವ್ವ ಈ ಕಡೆ ಶುಂಠಿ ಜಜ್ಜುತ್ತಿದ್ದಳು.

ಆದರೆ ಆರರಲ್ಲಿ ಒಂದು ಗೋಡೆಯೂ ತೊಲೆಯಿಂದ ಮೇಲಕ್ಕೆ ಹೋಗಿರಲಿಲ್ಲ. ಅಟ್ಟ ಈ ತುದಿಯಿಂದ ಆ ತುದಿಯವರೆಗೆ ಒಂದೇ. ಹಲಗೆಯ ಮೇಲೆ ಅಂಬೆಗಾಲಿಟ್ಟು ಹೋದರೆ ಏಳು ಮನೆಗಳನ್ನೂ ದಾಟಬಹುದಿತ್ತು. ಯಾರ ಮನೆಯ ಮೇಲಿದ್ದೇವೆಂದು ಮೂಗೇ ಹೇಳುತ್ತಿತ್ತು: ಹುಣಸೆಹಣ್ಣು ಚಿಕ್ಕಪ್ಪನದು, ಒಣಮೆಣಸಿನಕಾಯಿ ಅದರಾಚೆಯವರದು.

ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು. ಮಾತಾಡಿಸಲು ಬಂದವರಿಗೆ ಕಾಫಿ ಕೊಟ್ಟು ಕಳಿಸುತ್ತೇನೆ. ಅವರು ಹೊರಟ ಮೇಲೆ ಆ ಅಟ್ಟದ ಒಂದು ಮಧ್ಯಾಹ್ನ ನೆನಪಾಗಿ ಒಬ್ಬಳೇ ನಗುತ್ತೇನೆ. ನಗು ನಿಲ್ಲುವುದೇ ಇಲ್ಲ. ಬರೆದಾದರೂ ನೋಡೋಣ ಅಂದುಕೊಂಡೆ.

ಅದು ಐವತ್ತೆಂಟನೆಯ ಇಸವಿಯ ಬೇಸಿಗೆ ಇರಬೇಕು. ಅಕ್ಕನಿಗೆ ಹದಿನೇಳು, ನನಗೆ ಹದಿಮೂರು. ಅಷ್ಟರಲ್ಲಿ ಅವಳನ್ನು ಇಬ್ಬರು ಗಂಡುಗಳು ನೋಡಿಹೋಗಿದ್ದರು. ಇಬ್ಬರನ್ನೂ ಅವಳು ಬೇಡವೆಂದಿದ್ದಳು. ಕಾರಣ ಕೇಳಿದ ಅಪ್ಪನಿಗೆ ಸಿಕ್ಕ ಉತ್ತರ ಇದು: “ಕಂಬದಂಗ ಕುಂತು ಎದ್ದು ಹೋದ್ರು. ನಗ್ತಾರೋ ಇಲ್ಲೋ ಅಂತ ಹೆಂಗ ಗೊತ್ತಾಗ್ಬೇಕು?” ಅಪ್ಪ, ಮೂರನೆಯದನ್ನೂ ಬೇಡವೆಂದರೆ ಆಮೇಲೆ ಕೇಳುವುದೇ ಇಲ್ಲ, ತಾನೇ ಒಂದನ್ನು ಗೊತ್ತು ಮಾಡುತ್ತೇನೆ ಎಂದುಬಿಟ್ಟರು.

ಮೂರನೆಯ ಗಂಡು ಸೊರಬದಾಚೆ ಕುಪ್ಪಗಡ್ಡೆಯವರು. ಸೋದರಮಾವನ ಜೊತೆ ಬೆಳಗಿನ ಬಸ್ಸಿಗೆ ಬಂದರು. ಹೆಣ್ಣು ನೋಡುವುದು ಸಂಜೆಗೆ. ಅಲ್ಲಿಯವರೆಗೆ ಊಟ, ವಿಶ್ರಾಂತಿ ಎಲ್ಲ ಸಾಲಿನ ಮೊದಲನೆಯ ಮನೆಯಲ್ಲಿ, ನಮ್ಮ ದೊಡ್ಡವ್ವನ ಹತ್ತಿರ. ನಮ್ಮದು ಏಳನೆಯದು. ಊಟ ಮುಗಿಯುವ ಹೊತ್ತಿಗೆ ಅಕ್ಕ ನನ್ನ ಮುಂಗೈ ಹಿಡಿದು ಏಣಿಯ ಕಡೆ ಎಳೆದಳು. ಸಂಜೆ ಅವರೂ ಕಂಬವೇ ಆಗುವರು, ಈಗಲೇ ನೋಡಬೇಕು ಎಂದಳು.

ಮೆಣಸಿನಕಾಯಿಯ ಮೇಲೆ ಹೋಗುವಾಗ ಮೂಗು ಹಿಡಿದು, ಬಾಯಿ ಹಿಡಿದು, ಕೊನೆಗೆ ಒಬ್ಬರ ಮೂಗನ್ನು ಇನ್ನೊಬ್ಬರು ಹಿಡಿದೆವು. ನಡುವಿನ ಒಂದು ಮನೆಯಲ್ಲಿ, ಅಂದು ಉಪವಾಸ ಎಂದು ಬೆಳಿಗ್ಗೆ ಸಾರಿದ್ದ ಅತ್ತೆಯೊಬ್ಬರು ಗೋಡೆಗೆ ಮುಖ ಮಾಡಿ ಹೋಳಿಗೆ ತಿನ್ನುತ್ತಿದ್ದರು. ಅಕ್ಕ ಹಲಗೆಯ ಮೇಲೆ ಮಕಾಡೆ ಬಿದ್ದು ನಕ್ಕಳು. ಅವಳನ್ನು ಅಲ್ಲಿಂದ ಎಬ್ಬಿಸುವುದೇ ಕಷ್ಟವಾಯಿತು.

ದೊಡ್ಡವ್ವನ ಪಡಸಾಲೆಯ ಮೇಲೆ ತಲುಪಿ ಹಲಗೆಯ ಸಂದಿಗೆ ಕಣ್ಣಿಟ್ಟೆವು. ಮಾವ ಗೊರಕೆ ಹೊಡೆಯುತ್ತಿದ್ದರು. ಗಂಡು ಮಜ್ಜಿಗೆಯ ಲೋಟ ಮುಂದಿಟ್ಟುಕೊಂಡು ನೆಟ್ಟಗೆ ಕೂತಿದ್ದರು. ಕಂಬ, ಎಂದು ಅಕ್ಕ ನನ್ನ ಕಿವಿಯಲ್ಲಿ ಉಸುರಿದಳು. ಅವಳ ಮುಖ ಇಳಿದುಹೋಯಿತು. ಇವರೂ ಹೀಗಾದರೆ ಮುಂದೆ ಅಪ್ಪ ತೋರಿಸಿದವರೇ ಗತಿ.

ಅಷ್ಟರಲ್ಲಿ ಗಂಡು, ಏಣಿಯ ಕಿಂಡಿಯಲ್ಲಿ ಕಾಣುವ ಗೋಡೆಯ ತಲೆಯ ಕಡೆ ನೋಡಿ, ಇದನ್ನು ಪೂರ್ತಿ ಯಾಕೆ ಕಟ್ಟಿಲ್ಲ ಎಂದು ದೊಡ್ಡವ್ವನನ್ನು ಕೇಳಿದರು. ನಾವು ಹುಟ್ಟಿ ಬೆಳೆದ ಮನೆಯ ಬಗ್ಗೆ ನಮಗೇ ಹೊಳೆಯದ ಪ್ರಶ್ನೆ.

ದೊಡ್ಡವ್ವ ಅಡಿಕೆ ಕತ್ತರಿಸುತ್ತಲೇ ಹೇಳಿದಳು: “ಮ್ಯಾಲಕ್ಕ ಮಣ್ಣು ಹೊರೋರ್ಯಾರು ಅಂತ ಜಗಳ ಆತಪ. ಅಣ್ಣ ತಮ್ಮಗ ಹೊರು ಅಂದ, ತಮ್ಮ ಅಣ್ಣಗ ನೀನ ಹೊರು ಅಂದ. ಬರೋ ವರ್ಷ ಕಟ್ಟಿದ್ರಾತು ಅಂತ ಇಬ್ರೂ ಉಣ್ಣಾಕ ಹೋದ್ರು. ಆರು ಗೋಡೀಗೂ ಹಿಂಗ ಆತು ನೋಡು.”

“ನಮ್ಮ ಬದಿ ಮನೆ ಒಂದಕ್ಕೊಂದು ದೂರ,” ಎಂದರು ಅವರು. “ಇಲ್ಲಿ ಗುಟ್ಟು ಅನ್ನೋದನ್ನ ಎಲ್ಲಿ ಇಡ್ತೀರಿ ಮತ್ತೆ?”

ನಮಗೆ ಹೋಳಿಗೆಯ ಅತ್ತೆ ನೆನಪಾದರು. ಅಕ್ಕನ ಮೈ ಒಮ್ಮೆ ಕುಲುಕಿತು, ಬಳೆ ಕಿಣಿ ಎಂದವು, ಧೂಳು ನೇರವಾಗಿ ಮಜ್ಜಿಗೆಗೆ ಬಿತ್ತು. ಅವರು ಲೋಟ ನೋಡಿದರು. ಮೇಲೆ ನೋಡಿದರು.

“ಮೇಲೆ ಎಂತದೋ ಇದ್ದಂಗಿದೆ.”

“ಬೆಕ್ಕಪ. ಎರಡದಾವು.”

“ಬೆಕ್ಕಿಗೆ ಬಳೆ ತೊಡಿಸ್ತೀರಾ?”

ದೊಡ್ಡವ್ವ ಮುಖದ ಒಂದು ಗೆರೆಯನ್ನೂ ಅಲುಗಿಸಲಿಲ್ಲ. “ಪ್ಯಾಟಿ ಬೆಕ್ಕು. ಸೀರೀನೂ ಉಡ್ತಾವು.”

ಅವರ ನಗು ಮೊದಲು ಭುಜದಲ್ಲಿ ಶುರುವಾಯಿತು. ಸದ್ದಿಲ್ಲ. ಆಮೇಲೆ ಬಿಕ್ಕಳಿಕೆಯಂತೆ ಒಂದು, ಆಮೇಲೆ ತಡೆಯಿಲ್ಲದೆ. ಮಾವ ಎದ್ದಾರೆಂದು ಹೆಗಲ ಮೇಲಿನ ವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಮೇಲೆ ಅಕ್ಕನೂ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು. ಇಬ್ಬರ ಕಣ್ಣಲ್ಲೂ ನೀರು. ನಡುವೆ ಒಂದು ಹಲಗೆ.

ವಾಪಸು ಬಂದದ್ದು ಹೇಗೋ ನೆನಪಿಲ್ಲ. ಅಕ್ಕ ಏಣಿಯಿಳಿದವಳೇ ಅಪ್ಪನ ಎದುರು ನಿಂತು, ತನಗೆ ಒಪ್ಪಿಗೆ ಎಂದಳು.

“ಯಾರು ಒಪ್ಪಿಗೆ ಆದ್ರು? ಅವರಿನ್ನೂ ಬಂದೇ ಇಲ್ಲಲ್ಲವ್ವಾ,” ಎಂದರು ಅಪ್ಪ.

ಸಂಜೆ ಅವರು ಬಂದರು. ನೆಟ್ಟಗೆ ಕೂತು ನೆಲ ನೋಡಿದರು. ಅಕ್ಕ ಚಾಪೆಯ ಮೇಲೆ ಕೂತು ಅದೇ ನೆಲ ನೋಡಿದಳು. ಏನಾದರೂ ಕೇಳುವುದಿದ್ದರೆ ಕೇಳು ಎಂದು ಮಾವ ಹೇಳಿದರೆ, ಅವರು ತುಟಿ ಬಿಗಿಹಿಡಿದು ಏನೂ ಇಲ್ಲವೆಂದು ತಲೆಯಾಡಿಸಿದರು. ಒಬ್ಬರನ್ನೊಬ್ಬರು ನೋಡಿದರೆ ಕೆಲಸ ಕೆಡುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಹುಡುಗ ಗಂಭೀರ, ಹುಡುಗಿ ಅದಕ್ಕೂ ಗಂಭೀರ ಎಂದು ಮಾವ ಮೆಚ್ಚಿಕೊಂಡರು.

ನಾನು ಬಾಗಿಲ ಹಿಂದಿನಿಂದ ನೋಡುತ್ತಿದ್ದೆ. ಅಕ್ಕನ ತಲೆ ಇನ್ನೂ ಬಗ್ಗಿತು, ಬೆನ್ನು ನಡುಗತೊಡಗಿತು. ತವರು ಬಿಡುವ ನೆನಪಾಗಿ ಮಗಳು ಅಳುತ್ತಿದ್ದಾಳೆಂದು ಅವ್ವ ತಿಳಿದಳು. ಪಕ್ಕದಲ್ಲಿ ಬಂದು ಕೂತು, ತನ್ನ ಕಣ್ಣೊರೆಸಿಕೊಳ್ಳುತ್ತ, ಅವಳ ಬೆನ್ನು ಸವರುತ್ತಲೇ ಇದ್ದಳು.