ಗಟ್ಟಿ ಫ್ಯೂಸ್

ನಮ್ಮೂರಲ್ಲಿ ಟ್ರಾನ್ಸ್‌ಫಾರ್ಮರ್ ಅಂದರೆ ಯಾರೂ ತಿರುಗಿ ನೋಡುವುದಿಲ್ಲ, ಟೀಸಿ ಅನ್ನಬೇಕು. ಜಂಗಮಕೋಟೆ ಕಡೆಯ ನಮ್ಮ ತೋಟದ ಪಕ್ಕದ ಟೀಸಿಯಲ್ಲಿ ಫ್ಯೂಸ್ ಹೋದರೆ ಲೈನ್‌ಮನ್ ಬರುವ ತನಕ ಕಾಯುವ ತಾಳ್ಮೆ ಯಾರಿಗಿದೆ? ಚಿಕ್ಕಪ್ಪನೇ ಊರಿಗೆ ಅರ್ಧ ಲೈನ್‌ಮನ್.

ಆ ಬೇಸಿಗೆಯಲ್ಲಿ ಚಿಕ್ಕಮ್ಮ ಮೊದಲ ಸಲ ತಾನೇ ಮುಂದೆ ನಿಂತು ರೇಷ್ಮೆ ಹುಳು ಸಾಕಿದ್ದಳು. ಹೊಸ ಹುಳುಮನೆ ಎದ್ದದ್ದೇ ಅವಳ ಹಠದಿಂದ. ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಹಗಲೂ ರಾತ್ರಿ ಸೊಪ್ಪು ಮೇಯುತ್ತಿದ್ದವು. ಚಾವಣಿಯ ಮೇಲೆ ನೀರು ಚಿಮ್ಮಬೇಕು, ಒಳಗೆ ಫ್ಯಾನ್ ತಿರುಗಬೇಕು. ಸೆಕೆ ತಡೆಯುವ ಜೀವವಲ್ಲ ಅದು. ಫ್ಯೂಸ್ ಮಾತ್ರ ಮಾತೆತ್ತಿದರೆ ಹೋಗುತ್ತಿತ್ತು.

"ಇನ್ನ ಹೋಗಲ್ಲ ಕಣೇ, ಗಟ್ಟಿ ಫ್ಯೂಸ್ ಹಾಕಿದ್ದೀನಿ," ಎಂದು ಚಿಕ್ಕಪ್ಪ ಒಂದು ದಿನ ಮೀಸೆ ತಿರುವಿದ. ತೆಳು ತಂತಿ ಇರಬೇಕಾದ ಕಡೆ ಬೇಲಿ ಕಟ್ಟುವ ತಂತಿ ಮಡಚಿ ಬಿಗಿದಿದ್ದ. ಫ್ಯಾನ್ ನಿಲ್ಲಲೇ ಇಲ್ಲ. ಚಿಕ್ಕಮ್ಮ ಕೇಳದೆಯೇ ಕಾಫಿ ಕೊಟ್ಟಳು; ನಾವೂ ಹೊಗಳಿದ್ದೇ ಹೊಗಳಿದ್ದು.

ಕೆಲವೇ ದಿನದಲ್ಲಿ ಗಾಳಿ ಎದ್ದು, ಜೋತುಬಿದ್ದ ಲೈನ್‌ಗಳು ಒಂದಕ್ಕೊಂದು ತಾಗಿ ಶಾರ್ಟ್ ಆಯಿತು. ಫ್ಯೂಸ್ ಹೋಗಲಿಲ್ಲ. ಟೀಸಿ ಗೊರಗೊರ ಎಂದು, ಬಿಸಿ ಎಣ್ಣೆ ಉಗುಳಿ ಸುಮ್ಮನಾಯಿತು.

ಅದನ್ನು ಟ್ರ್ಯಾಕ್ಟರಿಗೆ ಹೇರಿಕೊಂಡು ಚಿಂತಾಮಣಿಯ ರಿಪೇರಿ ಶೆಡ್ಡಿಗೆ ಹೋದಾಗ ನಾನೂ ಜೊತೆಗಿದ್ದೆ. ಒಳಗೆ ಕಾಯಿಲ್‌ಗಳು ಸೊಟ್ಟಗಾಗಿ, ಸುತ್ತಿದ ಕಾಗದ ಕರಕಲಾಗಿತ್ತು.

"ಶಾರ್ಟ್ ಆದ್ರೆ ಕರೆಂಟು ಒಂದೇ ಸಲ ನುಗ್ತದಣ್ಣ," ಎಂದ ಮೆಕ್ಯಾನಿಕ್. "ಕಾಯಿಲ್ ಸುಡ್ತದೆ, ಒಂದನ್ನೊಂದು ತಳ್ಳಿ ಜಾಗ ಬಿಡ್ತದೆ. ಅಷ್ಟರೊಳಗೆ ಫ್ಯೂಸ್ ಹೋಗ್ಬೇಕು. ಹೋಗೋದೇ ಅದರ ಕೆಲಸ."

ಎಷ್ಟು ದಿನ ಹಿಡಿಯುತ್ತದೆ ಎಂದಷ್ಟೇ ಚಿಕ್ಕಪ್ಪ ಕೇಳಿದ.

ಅದರ ಬದಲು ಬೇರೆ ಟೀಸಿ ಬರುವಷ್ಟರಲ್ಲಿ ಹುಳುಗಳು ಸಪ್ಪೆರೋಗ ಹಿಡಿದು ಮೆತ್ತಗಾಗಿ ಸೊಪ್ಪಿನ ಮೇಲೇ ಸತ್ತವು. ಒದ್ದೆ ಗೋಣಿಚೀಲ ಕಟ್ಟಿದ್ದೂ ಬೀಸಣಿಗೆ ಬೀಸಿದ್ದೂ ನೀರಲ್ಲಿ ಹೋಮ. ಚಿಕ್ಕಮ್ಮ ಗುಂಡಿ ತೋಡಿಸಿ, ಸುಣ್ಣ ಎರಚಿ, ತಾನೇ ಮುಚ್ಚಿದಳು.

"ನಿನಗೋಸ್ಕರಾನೇ ಹಾಕಿದ್ದು ಕಣೇ," ಎಂದ ಚಿಕ್ಕಪ್ಪ.

"ಗೊತ್ತು ಬಿಡಿ," ಎಂದಳು. ಎರಡು ಮಾತು ಬೈದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ನನಗೆ ಸಂಕಟವಾಗುತ್ತದೆ. ಅವಳು ಮತ್ತೆ ಹುಳು ಮೇಯಿಸಲಿಲ್ಲ. ಹುಳುಮನೆಯಲ್ಲಿ ಈಗ ಹಸುವಿನ ಮೇವಿದೆ.

ಫ್ಯೂಸ್ ಹೋದಾಗಲೆಲ್ಲ ಚಿಕ್ಕಪ್ಪ ಹುಡುಕಿ ಹುಡುಕಿ ತೆಳು ತಂತಿಯನ್ನೇ ಹಾಕುತ್ತಾನೆ. ಇದು ನಾಳೆಯೇ ಹೋಗುತ್ತದೆ ಎಂದು ನಾನಂದರೆ, "ಹೋಗ್ಲಿ ಬಿಡಮ್ಮ," ಅನ್ನುತ್ತಾನೆ. ಹೋದರೆ ಹೋಗಲಿ. ಫ್ಯಾನ್ ನಿಂತರೆ ಸಾಯುವಂಥದ್ದು ಆ ಮನೆಯಲ್ಲಿ ಈಗ ಏನೂ ಇಲ್ಲ.