ಮೂಗು ಅಳೆಯುವ ಪುಸ್ತಕ

ಚಾಕು ಹಾಕಿದವನೇ ಪುಸ್ತಕ ಕೊಳ್ಳಬೇಕಂತೆ. ನಿಮಗೆ ಗೊತ್ತಿತ್ತೇ? ನನಗೆ ಮೊನ್ನೆ ಸೊಲ್ಲಾಪುರದ ಅಂಗಡಿಯಲ್ಲಿ ಗೊತ್ತಾಯಿತು.

ಅಕ್ಕಲಕೋಟೆಯ ನಮ್ಮ ವಾಚನಾಲಯದಲ್ಲಿ ಭಾನುವಾರ ಮೀಟಿಂಗ್ ಇತ್ತು. ತೆಲುಗು ಸೀಮೆಯಿಂದ ಬಂದು ನೆಲೆಸಿದ ನೇಕಾರರನ್ನು ಮೆಂಬರ್ ಮಾಡಿಕೊಳ್ಳಬೇಕೋ ಬೇಡವೋ? ಬೇಡ ಎನ್ನುವವರು ಒಬ್ಬ ವಕೀಲರು. ಬೇಕು ಎನ್ನುವವಳು ನನ್ನ ತಂಗಿ ಗಂಗು, ಹೆಣ್ಣುಮಕ್ಕಳ ಸಾಲಿಯ ಮಾಸ್ತರಬಾಯಿ. ನಮ್ಮ ಪಕ್ಕದ ಮನೆಯ ನೇಕಾರ ನರಸಯ್ಯನಿಗೆ ಅಲ್ಲಿ ಕೂತು ಪೇಪರ್ ಓದುವ ಆಸೆ.

ಮೀಟಿಂಗಿಗೆ ಮೊದಲು ವಾಚನಾಲಯಕ್ಕೆ ಒಂದೇ ಪುಸ್ತಕ ತರಿಸಲು ಗಂಗುಗೆ ಒಪ್ಪಿಗೆ ಸಿಕ್ಕಿತ್ತು. ಸೊಲ್ಲಾಪುರಕ್ಕೆ ಹೊರಟ ನನಗೆ ಹೇಳಿದಳು:

"ಅಣ್ಣಾ, ಎರಡು ಮರಾಠಿ ಪುಸ್ತಕ ಅದಾವ. ಮಂದಿ ಊರು ಬಿಟ್ಟು ಯಾಕ ಹೋಗ್ತಾರ ಅನ್ನೂ ಇತಿಹಾಸ ಒಂದು, ಅದು ಬೇಕು. ಇನ್ನೊಂದು ಮೂಗು ಅಳದು ಕುಲ ಹೇಳೂದು, ಅದು ಬ್ಯಾಡ. ಹೆಸರು ಬರದ ಕೊಡ್ಲ್ಯಾ?"

"ನನಗೇನು ಓದಾಕ ಬರೂದಿಲ್ಲೇನ?" ಎಂದೆ. (ನಾಲ್ಕನೇ ಇಯತ್ತೆ ದಾಟದವನ ಜಂಬ!)

ಅಂಗಡಿಯಲ್ಲಿ ಎರಡಕ್ಕೂ ಕೆಂಪು ರಟ್ಟು, ಎರಡಕ್ಕೂ ಗೇಣುದ್ದದ ಹೆಸರು. ಪಂಡಿತರೇ, ಯಾರಿಗಾಗಿ ಬರೆಯುತ್ತೀರಿ? ಮಂದಿ ಊರು ಬಿಟ್ಟರು ಎನ್ನಲು ಅಷ್ಟು ಸಂಸ್ಕೃತ ಬೇಕೇ? ಒಳಗೆ ನೋಡೋಣವೆಂದರೆ ಹಾಳೆಗಳ ಅಂಚಿನ ಮಡಿಕೆಯನ್ನೇ ಬಿಡಿಸಿಲ್ಲ, ಓದುವವರೇ ಸೀಳಿಕೊಳ್ಳಬೇಕು. ಜೇಬಿನ ಚಾಕುವಿನಿಂದ ಒಂದು ಪುಸ್ತಕದ ಮಡಿಕೆ ಸೀಳಿ ಓದಿದೆ. ಒಂದಕ್ಷರ ತಲೆಗೆ ಹೋಗಲಿಲ್ಲ.

"ಪಾನಂ ಕಾಪಲೀತ, ಆತಾ ಪುಸ್ತಕ ತುಮಚಂ!" ಎಂದ ಅಂಗಡಿಯವ. ಆಮೇಲೆ ಕನ್ನಡದಲ್ಲೂ ಬೈದ: "ಸೀಳಿದ ಮ್ಯಾಲ ನಿಮ್ದ ರಿ ಅದು. ಸೀರಿ ಅಂಗಡಿ ಅಂತ ತಿಳದೀರೇನು, ಬಿಚ್ಚಿ ಬಿಚ್ಚಿ ನೋಡಾಕ?"

ಇದು ಯಾವುದರ ಪುಸ್ತಕ ಎಂದು ಅವನನ್ನೇ ಕೇಳಬಹುದಿತ್ತು. ಕೇಳಿದರೆ ಮಾನ ಹೋಗುತ್ತದಲ್ಲ? ಕಂಕುಳಲ್ಲಿಟ್ಟುಕೊಂಡು ರೈಲು ಹತ್ತಿದೆ.

ಮನೆಯಲ್ಲಿ ಗಂಗು ಉಳಿದ ಮಡಿಕೆ ಸೀಳಿದಳು. ಸಾಲುಸಾಲು ಮೂಗಿನ ಚಿತ್ರ!

"ಅಂಗಡ್ಯಾಗ ಇದೊಂದ ಇತ್ತವಾ," ಎಂದು ಸುಳ್ಳು ಹೇಳಿದೆ.

"ಇರ್ಲಿ ಬಿಡಣ್ಣಾ, ನೀ ಏನ್ ಮಾಡ್ತಿ," ಎಂದಳು. ನಂಬಿದಳು. ಅದೇ ಈಗಲೂ ಚುಚ್ಚುತ್ತದೆ.

ವಾಚನಾಲಯದ ಪುಸ್ತಕವಾದ್ದರಿಂದ ಮೇಜಿನ ಮೇಲೆ ಇಡಲೇಬೇಕಾಯಿತು. ಭಾನುವಾರ ವಕೀಲರು ಅದನ್ನೇ ಎತ್ತಿ ಹಿಡಿದರು. "ಬಾಯೀ, ನೀವ ತರಿಸಿದ ಪುಸ್ತಕರಿ ಇದು. ಬ್ಯಾರೆ ಮೂಗು, ಬ್ಯಾರೆ ಕುಲ ಅಂತ ಇದರಾಗೇ ಬರದೈತಿ!" ಚಪ್ಪಾಳೆ.

ಗಂಗು ಬರಿಗೈಯಲ್ಲಿ ಎದ್ದಳು. "ಪೇಪರ್ ಓದಾಕ ಕಣ್ಣು ಬೇಕ್ರಿ ವಕೀಲ್ ಸಾಹೇಬ್ರ, ಮೂಗು ಯಾಕ?"

ಎಲ್ಲರೂ ನಕ್ಕರು. ನಕ್ಕವರೇ ಬೇಡ ಎಂದು ಕೈ ಎತ್ತಿದರು. ಹಿಂದೆ ನಿಂತಿದ್ದ ನರಸಯ್ಯ ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ. ಪುಸ್ತಕ ಆರಿಸಿದವನು ನಾನು ಎಂದು ಎದ್ದು ಹೇಳಲು ನನಗೆ ಬಾಯಿ ಬರಲಿಲ್ಲ.

ಗಂಗು ನನ್ನ ಸುಳ್ಳನ್ನು ಈ ಬರಹದಲ್ಲೇ ಓದಿ ತಿಳಿಯಲಿ. ನನ್ನನ್ನು ಮೆಂಬರ್ ಮಾಡಿಕೊಂಡ ದಿನ ಯಾರೂ ಮೂಗು ಅಳೆಯಲಿಲ್ಲ. ಓದಲು ಬರುತ್ತದೆಯೇ ಎಂದಾದರೂ ಕೇಳಬಾರದಿತ್ತೇ?