ಗವಿಪುರಂನ ಲಂಟಾನ ಪರೀಕ್ಷೆ

ಒಂದೇ ಊರಿನೊಳಗೆ ಶ್ರೀರಾಂಪುರದಿಂದ ಗವಿಪುರಂಗೆ ಬಂದದ್ದನ್ನು ಪ್ರವಾಸ ಎಂದರೆ ನಗಬೇಡಿ. ಎರಡು ಬಸ್ಸು ಹತ್ತಿ, ಎರಡರಲ್ಲೂ ನಿಂತೇ ಬಂದಿದ್ದೇನೆ.

ನಮ್ಮ ಗಿಡ ನೋಡುವ ತಂಡ ಲಂಟಾನ ಪೊದೆಯೊಂದರ ಮುಂದೆ ನಿಂತಿತ್ತು. ತಂಡಕ್ಕೆ ಪಾಠ ಹೇಳುವವರು ನಿವೃತ್ತ ಅಧ್ಯಾಪಕಿ ವಿಮಲಾ ಮೇಡಂ. ಮೂಗಿನಲ್ಲಿ ರಾಗ ಎಳೆಯುವ ಅವರ ಮಾತನ್ನು ನಾನು ಬೆನ್ನ ಹಿಂದೆ ಅಣಕಿಸುತ್ತಿದ್ದೆ. ಇವತ್ತು ನಾನು ಅಣಕಿಸುತ್ತಿರುವಾಗಲೇ ಅವರು ತಿರುಗಿಬಿಟ್ಟರು.

“ಈ ಗಿಡ ಯಾವ ಕುಟುಂಬದ್ದು ಹೇಳಪ್ಪ. ಸರಿ ಹೇಳಿದ್ರೆ ನನ್ನ ಮುಂದೇನೇ ಮಿಮಿಕ್ರಿ ಮಾಡು. ತಪ್ಪಿದ್ರೆ ಇವತ್ತಿಂದ ನಿನ್ನ ಅಂಗಡಿ ಬಂದ್.”

ಆ ಅಂಗಡಿ ಮುಚ್ಚಿದರೆ ನನ್ನಲ್ಲಿ ಉಳಿಯುವುದು ಬರೀ ಶರ್ಟು ಪ್ಯಾಂಟು. ಕಾಂಡ ಮುಟ್ಟಿದೆ. ಮುಳ್ಳು ಚುಚ್ಚಿತು, ಆದರೆ ನಾಲ್ಕು ಮೂಲೆ ಬೆರಳಿಗೆ ಸಿಕ್ಕವು. ಎಲೆಗಳು ಎದುರುಬದುರು ಜೋಡಿಯಾಗಿದ್ದವು.

“ಚೌಕ ಕಾಂಡ, ತುಳಸಿ ಕುಟುಂಬ ಮಚ್ಚಾ,” ಎಂದು ಗೆಳೆಯ ಕಿರಣ ಪಿಸುಗುಟ್ಟಿದ.

ಹೂವು ನೋಡಿದೆ. ಒಂದೇ ಗೊಂಚಲಿನ ನಡುವೆ ಈಗಷ್ಟೇ ಅರಳಿದವು ಹಳದಿ, ಅಂಚಿನ ಹಳೆಯವು ಗುಲಾಬಿ. ತುಳಸಿಯ ಹೂವು ಎರಡು ತುಟಿ ತೆರೆದಂತಿರುತ್ತದೆ, ಇವುಗಳ ಎಸಳು ಹೆಚ್ಚುಕಡಿಮೆ ಸಮವಾಗಿದ್ದವು. ಹಾಗಿದ್ದರೆ ಯಾವ ಕುಟುಂಬ ಎಂಬ ಪಾಠ ನನಗೆ ಬಾಯಿಪಾಠವಾಗಿತ್ತು, ಏಕೆಂದರೆ ಹೋದ ವಾರ ನಾನು ಅಣಕಿಸಿದ್ದು ಅದನ್ನೇ.

“ವರ್ಬಿನಾ ಕುಟುಂಬ, ಮೇಡಂ.”

“ಸರಿ ಕಣೋ.”

ಕಿರಣನ ಕಡೆ ರಾಜನಂತೆ ನೋಡಿ, ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಮೇಡಂ ದನಿಯಲ್ಲೇ ಇಡೀ ಪಾಠ ಒಪ್ಪಿಸಿದೆ. ತಂಡ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ, ಮೊಬೈಲ್ ತೆಗೆದರು.

“ಇನ್ನೊಂದ್ಸಲ ಮಾಡಪ್ಪ, ರೆಕಾರ್ಡ್ ಮಾಡ್ಕೋತೀನಿ. ನಾನು ಹಿಂಗೇ ಮಾತಾಡೋದು ಅಂತ ನಮ್ಮನೆಯವ್ರು ದಿನಾ ಹೇಳ್ತಾರೆ, ನಾನೇ ನಂಬಿರ್ಲಿಲ್ಲ.”